ಸಹೋದ್ಯೋಗಿಯ ಕ್ಲಾಸಿನಲ್ಲಿ ಕೊನೇ ಬೆಂಚಿನ ಮೇಲೆ ಕೂರುವುದು ಹೇಗೆ

ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ನಮಗೆ ಪಾಠ ಮಾಡುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಹೈಸ್ಕೂಲ್ ಮೇಷ್ಟ್ರಾಗಲು ಬಿ.ಎಡ್ ಬೇಕು. ನಮಗೆ ಸ್ನಾತಕೋತ್ತರ ಪದವಿ, ಜೊತೆಗೆ ನೆಟ್ಟೋ ಕೆ-ಸೆಟ್ಟೋ ಅನ್ನುವ ಅರ್ಹತಾ ಪರೀಕ್ಷೆ, ಇಲ್ಲ ಪಿಎಚ್.ಡಿ ಇದ್ದರೆ ಆಯಿತು. ಸೋಮವಾರ ಆರ್ಡರ್ ಕೈಗೆ ಬಂದರೆ ಮಂಗಳವಾರ ಎಂಬತ್ತು ಮಕ್ಕಳ ಮುಂದೆ ಚಾಕ್‌ಪೀಸ್ ಹಿಡಿದು ನಿಂತಿರುತ್ತೇವೆ, ನಮ್ಮ ಮೇಷ್ಟ್ರು ನಮಗೆ ಹೇಗೆ ಮಾಡಿದ್ದರೋ ಅದನ್ನೇ ನೆನಪು ಮಾಡಿಕೊಂಡು ಶುರು ಹಚ್ಚುತ್ತೇವೆ, ಮೂವತ್ತು ವರ್ಷ ಕಳೆದ ಮೇಲೆ ಅದೇ ರೀತಿ ಪಾಠ ಮಾಡುತ್ತಲೇ ರಿಟೈರ್ ಆಗುತ್ತೇವೆ. ಅಷ್ಟು ವರ್ಷದಲ್ಲಿ ಇನ್ನೊಬ್ಬ ಮೇಷ್ಟ್ರು ನಮ್ಮ ಕ್ಲಾಸಿಗೆ ಬಂದು ಕೂತು ನೋಡಿದ್ದು ಎಷ್ಟು ಸಲ? ನನ್ನ ಲೆಕ್ಕದಲ್ಲಿ ಮೊದಲ ಹದಿನಾಲ್ಕು ವರ್ಷ ಸೊನ್ನೆ.

ನಾನು ತುಮಕೂರಿನಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ. ಮಧ್ಯೆ ಕೆಲವು ವರ್ಷ ಐಕ್ಯೂಎಸಿ, ಅಂದರೆ ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಘಟಕದ ಕೆಲಸ ತಲೆಗೆ ಬಿತ್ತು. ಅದರ ಜೊತೆಗೆ 'ಅಧ್ಯಾಪಕರ ಬೋಧನಾ ಕೌಶಲ ಹೆಚ್ಚಿಸುವುದು' ಅನ್ನುವ ಸಾಲೂ ಬಂತು. ಆ ಸಾಲನ್ನು ನಿಜವಾಗಿ ಮಾಡುವುದು ಹೇಗೆ ಅನ್ನುವುದಕ್ಕೆ ಈ ಬರಹ. ನೀವು ಪ್ರಿನ್ಸಿಪಾಲ್ ಇರಬಹುದು, ಎಚ್‌ಓಡಿ ಇರಬಹುದು, ಅಥವಾ ಸುಮ್ನೆ ಪಕ್ಕದ ಟೇಬಲ್ಲಿನ ಹೊಸ ಮೇಡಂಗೆ ಸಹಾಯ ಮಾಡೋಣ ಅಂದುಕೊಂಡ ಹಳೇ ಮೇಷ್ಟ್ರು ಇರಬಹುದು. ಯಾರಾದರೂ ಮಾಡಬಹುದು. ದುಡ್ಡು ಬೇಕಿಲ್ಲ.

ಮೊದಲು, ಸಭಾಂಗಣ ಬುಕ್ ಮಾಡಬೇಡಿ

ನಾನು ಮಾಡಿದ ಮೊದಲ ಕೆಲಸವೇ ಅದು. ಒಂದು ದಿನದ ಕಾರ್ಯಾಗಾರ. ಬ್ಯಾನರ್, ದೀಪ ಬೆಳಗುವುದು, ಪ್ರಾರ್ಥನೆ, ಹಾರ, ಮಧ್ಯಾಹ್ನ ಒಬ್ಬಟ್ಟಿನ ಊಟ. ಬಂದ ಸಂಪನ್ಮೂಲ ವ್ಯಕ್ತಿ 'ವಿದ್ಯಾರ್ಥಿಗಳು ಭಾಗವಹಿಸುವ ಕಲಿಕೆ' ಬಗ್ಗೆ ಎರಡೂವರೆ ಗಂಟೆ ಪಿಪಿಟಿ ಓದಿದರು. ನಾವು ಯಾರೂ ಬಾಯಿ ಬಿಡಲಿಲ್ಲ. ಸಂಜೆ ಎಲ್ಲರಿಗೂ ಸರ್ಟಿಫಿಕೇಟ್ ಸಿಕ್ಕಿತು. ಮಾರನೇ ದಿನ ಕಾರಿಡಾರಿನಲ್ಲಿ ನಡೆದು ಹೋದರೆ ಎಲ್ಲ ರೂಮಿನಲ್ಲೂ ನೋಟ್ಸ್ ಡಿಕ್ಟೇಟ್ ಮಾಡುವ ದನಿ, ಫುಲ್ ಸ್ಟಾಪ್ ಸಮೇತ.

ತಪ್ಪು ಅವರದ್ದಲ್ಲ. ಪಾಠ ಮಾಡುವುದು ಸೈಕಲ್ ಹೊಡೆದ ಹಾಗೆ, ಈಜಿದ ಹಾಗೆ, ಕೈಕಾಲಿಗೆ ಸೇರಿದ ಕೆಲಸ. ದಡದಲ್ಲಿ ಕೂರಿಸಿ ಈಜು ಹೇಳಿಕೊಟ್ಟರೆ ಯಾರಿಗೆ ಬರುತ್ತದೆ?

ಹಾಗಂತ ಓರಿಯೆಂಟೇಷನ್, ರಿಫ್ರೆಶರ್ ಕೋರ್ಸುಗಳು ದಂಡ ಅಂತ ನಾನು ಹೇಳುತ್ತಿಲ್ಲ. 1986ರ ಶಿಕ್ಷಣ ನೀತಿಯ ನಂತರ ದೇಶದಲ್ಲಿ ಅಧ್ಯಾಪಕರಿಗೆ ಈ ಕೋರ್ಸುಗಳನ್ನು ನಡೆಸುವ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಶುರುವಾದವು. ಆಮೇಲೆ ಅವುಗಳ ಹೆಸರು ಎಚ್‌ಆರ್‌ಡಿಸಿ ಆಯಿತು, 2023ರಿಂದ ಮಾಳವೀಯ ಮಿಷನ್ ಅನ್ನುವ ಬೋರ್ಡು ಬಂತು. ಪ್ರಮೋಷನ್‌ಗೆ ಆ ಕೋರ್ಸುಗಳು ಬೇಕೇ ಬೇಕು, ಬೇರೆ ಊರಿನ ಮೇಷ್ಟ್ರುಗಳ ಪರಿಚಯವೂ ಆಗುತ್ತದೆ. ತೊಂದರೆ ಇರುವುದು ವಾಪಸ್ ಬಂದ ಮೇಲೆ. 'ಏನು ಕಲಿತಿರಿ ಸರ್' ಅಂತ ಯಾರೂ ಕೇಳುವುದಿಲ್ಲ. ರಿಲೀವಿಂಗ್ ಲೆಟರ್ ಫೈಲಿಗೆ ಹೋಗುತ್ತದೆ, ಕಥೆ ಮುಗಿಯಿತು. ಆದ್ದರಿಂದ ಯಾರಾದರೂ ಕೋರ್ಸ್ ಮುಗಿಸಿ ಬಂದರೆ ಒಂದು ವಾರದೊಳಗೆ ಟೀ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಅವರನ್ನು ಕೂರಿಸಿಕೊಳ್ಳಿ. ಕಲಿತ ಒಂದೇ ಒಂದು ವಿಷಯ ಹೇಳಲಿ. ಅದನ್ನು ಅವರು ಮಾಡಿ ನೋಡುವ ದಿನ ನೀವು ಅವರ ಕ್ಲಾಸಿನಲ್ಲಿ ಕೂತಿರಿ. ಕೋರ್ಸಿನ ನಿಜವಾದ ಕೊನೇ ದಿನ ಅದೇ.

ನಿಮ್ಮ ಕ್ಲಾಸಿನ ಬಾಗಿಲು ಮೊದಲು ತೆಗೆಯಿರಿ

ಬೇರೆಯವರ ಕ್ಲಾಸಿಗೆ ಹೋಗುವ ಮುಂಚೆ ನಿಮ್ಮ ಕ್ಲಾಸಿಗೆ ಅವರನ್ನು ಕರೆಯಿರಿ. ಇದನ್ನು ಬಿಟ್ಟು ಮುಂದೆ ಹೋದರೆ ಯಾವುದೂ ನಡೆಯುವುದಿಲ್ಲ. ನಮ್ಮಲ್ಲಿ ಕ್ಲಾಸಿಗೆ ಹೊರಗಿನವರು ಬಂದು ಕೂತರು ಅಂದರೆ ಒಂದೋ ಯೂನಿವರ್ಸಿಟಿಯಿಂದ ತಪಾಸಣೆಗೆ ಬರುವ ಎಲ್‌ಐಸಿ ಸಮಿತಿ, ಇಲ್ಲ ಕಾಲೇಜಿಗೆ ಮಾನ್ಯತೆ ಕೊಡುವ ನ್ಯಾಕ್ ಟೀಮ್, ಇಲ್ಲ ಯಾರೋ ದೂರು ಕೊಟ್ಟಿದ್ದಾರೆ ಅಂತಲೇ ಅರ್ಥ. ಆ ಹೆದರಿಕೆ ಮಾತಿನಿಂದ ಹೋಗುವುದಿಲ್ಲ.

ನಾನು ನನಗಿಂತ ಹನ್ನೆರಡು ವರ್ಷ ಚಿಕ್ಕವರಾದ ಒಬ್ಬ ಮೇಡಂನ ಕರೆದೆ. ಅತಿಥಿ ಉಪನ್ಯಾಸಕಿ. 'ನಾನೇನು ನೋಡಲಿ ಸರ್, ನೀವು ದೊಡ್ಡವರು' ಅಂತ ಬಹಳ ಸಂಕೋಚಪಟ್ಟರು. ಸುಮ್ನೆ ಲೆಕ್ಕ ಹಾಕಿ ಮೇಡಂ, ನಾನು ಎಷ್ಟು ಪ್ರಶ್ನೆ ಕೇಳ್ತೀನಿ, ಯಾರು ಉತ್ತರ ಕೊಡ್ತಾರೆ, ಅಷ್ಟು ಸಾಕು ಅಂದೆ. ಕ್ಲಾಸ್ ಮುಗಿದ ಮೇಲೆ ಅವರು ಚೀಟಿ ಕೊಟ್ಟರು. ನಾನು 'ಅರ್ಥ ಆಯ್ತಾ?' ಅಂತ 23 ಸಲ ಕೇಳಿದ್ದೆ. ಒಂದು ಸಲವೂ ಉತ್ತರಕ್ಕೆ ಕಾದಿರಲಿಲ್ಲ. ಬಾಯಿ ಬಿಟ್ಟ ಮಕ್ಕಳು ನಾಲ್ಕೇ ಜನ, ನಾಲ್ವರೂ ಮೊದಲ ಎರಡು ಬೆಂಚಿನವರು.

ಮುಖ ಕೆಂಪಾಯಿತು ಅಂತಲೇ ಹೇಳಬೇಕು. ಆದರೆ ಆ ಚೀಟಿಯನ್ನು ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಅವತ್ತು ಎಲ್ಲರೂ ನಕ್ಕರು. ಮುಂದಿನ ವಾರ ಇಬ್ಬರು ತಾವಾಗೇ ಬಂದು 'ನಮ್ಮ ಕ್ಲಾಸಿಗೂ ಬನ್ನಿ ಸರ್' ಅಂದರು. ಸರ್ಕ್ಯುಲರ್ ಕಳಿಸಿದ್ದರೆ ಒಬ್ಬರೂ ಬರುತ್ತಿರಲಿಲ್ಲ.

ಕ್ಲಾಸಿನಲ್ಲಿ ಏನು ನೋಡಬೇಕು

ಹಿಂದಿನ ದಿನವೇ ಐದು ನಿಮಿಷ ಮಾತಾಡಿ. ಕೇಳುವುದು ಎರಡೇ: ನಾಳೆ ಕ್ಲಾಸ್ ಮುಗಿದಾಗ ಮಕ್ಕಳಿಗೆ ಏನು ಗೊತ್ತಾಗಿರಬೇಕು, ಮತ್ತು ನಾನು ಯಾವುದನ್ನು ನೋಡಲಿ. ಎರಡನೇ ಪ್ರಶ್ನೆಗೆ 'ಎಲ್ಲಾ ನೋಡಿ ಸರ್' ಅನ್ನುತ್ತಾರೆ. ಬಿಡಬೇಡಿ. ಒಂದನ್ನು ಹೇಳಿಸಿ. ಬೋರ್ಡೋ, ಪ್ರಶ್ನೆಗಳೋ, ಹಿಂದಿನ ಬೆಂಚಿನವರೋ.

ಬೆಲ್ ಹೊಡೆಯುವ ಮುಂಚೆ ಹೋಗಿ ಕೊನೇ ಬೆಂಚಿನಲ್ಲಿ ಕೂತುಬಿಡಿ. ಮೇಷ್ಟ್ರ ಜೊತೆ ಒಳಗೆ ಹೋಗಬೇಡಿ, ಮಕ್ಕಳೆಲ್ಲ ಎದ್ದು ನಿಂತು ಗಲಾಟೆಯಾಗುತ್ತದೆ. ಪುಸ್ತಕದಲ್ಲಿ ಎಡಗಡೆ ಟೈಮು, ಬಲಗಡೆ ಕಂಡದ್ದು. ಮೇಷ್ಟ್ರನ್ನು ಕಡಿಮೆ ನೋಡಿ, ಮಕ್ಕಳನ್ನು ಜಾಸ್ತಿ ನೋಡಿ. ಎಲ್ಲರೂ ತಲೆಕೆಳಗಾಗಿ ಮಾಡುವುದು ಇದನ್ನೇ, ಮೇಷ್ಟ್ರ ದನಿ, ಅಂಗಿ, ಇಂಗ್ಲಿಷು, ಕೈ ಆಡಿಸುವುದು ಎಲ್ಲ ಬರೆದುಕೊಂಡು ಬರುತ್ತಾರೆ, ಆ ಹೊತ್ತಿನಲ್ಲಿ ಎಂಬತ್ತು ಮಕ್ಕಳು ಏನು ಮಾಡುತ್ತಿದ್ದರು ಅಂದರೆ ಒಂದಕ್ಷರ ಇರುವುದಿಲ್ಲ.

ಇನ್ನೊಂದು ಹಾಳೆಯಲ್ಲಿ ಬೆಂಚುಗಳ ನಕ್ಷೆ ಬರೆದುಕೊಳ್ಳಿ. ಯಾರಾದರೂ ಮಾತಾಡಿದರೆ ಆ ಜಾಗಕ್ಕೆ ಒಂದು ಗೀಟು. ನಮ್ಮ ಕಡೆ ಕ್ಲಾಸಿನಲ್ಲಿ ಹುಡುಗಿಯರು ಒಂದು ಪಕ್ಕ, ಹುಡುಗರು ಒಂದು ಪಕ್ಕ. ಮಧುಗಿರಿ, ಶಿರಾ, ಕೊರಟಗೆರೆ ಕಡೆಯಿಂದ ಪಾಸಿನ ಬಸ್ಸಿನಲ್ಲಿ ಬರುವವರು ಮೊದಲ ಪೀರಿಯಡ್ಡಿಗೆ ಹತ್ತು ನಿಮಿಷ ಲೇಟು, ಅವರು ಹಿಂದೆ ಕೂರುತ್ತಾರೆ, ದಿನಾ ಹಿಂದೆಯೇ ಕೂರುತ್ತಾರೆ. ಐವತ್ತೈದು ನಿಮಿಷದ ನಂತರ ನಕ್ಷೆ ನೋಡಿದರೆ ಗೀಟುಗಳೆಲ್ಲ ಮುಂದಿನ ಒಂದು ಮೂಲೆಯಲ್ಲಿ ಗುಂಪಾಗಿರುತ್ತವೆ. ಆ ಹಾಳೆ ತೋರಿಸಿದರೆ ಸಾಕು, ನೀವು ಏನೂ ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆ. ನೀವು ಹೋಗಿ ಕೂತ ತಕ್ಷಣ ಕೆಲವು ಮೇಷ್ಟ್ರುಗಳು ಪೂರ್ತಿ ಇಂಗ್ಲಿಷಿಗೆ ಹೊರಳುತ್ತಾರೆ. ದಿನಾ ಕನ್ನಡದಲ್ಲೇ ಬಿಡಿಸಿ ಹೇಳುವವರು ಅವತ್ತು ಮರ್ಯಾದೆ ಉಳಿಸಿಕೊಳ್ಳಲು ಹೋಗುತ್ತಾರೆ. ಮಕ್ಕಳು ಪಿಳಿಪಿಳಿ ನೋಡುತ್ತಿರುತ್ತಾರೆ. ಹಿಂದಿನ ದಿನವೇ ಹೇಳಿಬಿಡಿ: ಮೇಡಂ, ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ, ಕನ್ನಡದಲ್ಲಿ ಹೇಳಿದರೆ ನನಗೆ ಖುಷಿಯೇ.

ಆಮೇಲಿನ ಮಾತು

ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದು. ಅವತ್ತೇ ಮಾತಾಡಬೇಕು, ಎರಡು ದಿನ ಬಿಟ್ಟರೆ ಇಬ್ಬರಿಗೂ ಮರೆತಿರುತ್ತದೆ. ಸ್ಟಾಫ್ ರೂಮಿನಲ್ಲಿ ಬೇಡ, ನಾಲ್ಕು ಕಿವಿ ಇರುತ್ತವೆ. ಪ್ರಿನ್ಸಿಪಾಲ್ ಛೇಂಬರಿನಲ್ಲಂತೂ ಬೇಡವೇ ಬೇಡ. ಕ್ಯಾಂಟೀನು, ಮರದ ಕೆಳಗೆ, ಖಾಲಿ ಕ್ಲಾಸ್‌ರೂಮು. ನಾನು ಒಂದು ಸಲ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿಗೇ ಕರೆದುಕೊಂಡು ಹೋಗಿದ್ದೆ. ತಿನ್ನುತ್ತಾ ಮಾತಾಡಿದರೆ ಯಾರಿಗೂ ಸಿಟ್ಟು ಬರುವುದಿಲ್ಲ ನೋಡಿ.

'ಚೆನ್ನಾಗಿತ್ತು ಸರ್' ಅಂತ ಶುರು ಮಾಡಬೇಡಿ. ನಮ್ಮಲ್ಲಿ ಅದು ಬಾಯಿಗೆ ತಾನಾಗೇ ಬಂದುಬಿಡುತ್ತದೆ. ಚೆನ್ನಾಗಿತ್ತು ಅಂದ ಮೇಲೆ 'ಆದರೆ' ಬರುತ್ತದೆ ಅಂತ ಎದುರಿಗೆ ಕೂತವರಿಗೆ ಗೊತ್ತು, ಅವರ ಮೈ ಗಟ್ಟಿಯಾಗುತ್ತದೆ. ಮೊದಲು ಅವರಿಗೇ ಮಾತಾಡಲು ಬಿಡಿ. ಮಕ್ಕಳಿಗೆ ಎಲ್ಲಿ ಹತ್ತಿತು, ಎಲ್ಲಿ ಹತ್ತಲಿಲ್ಲ ಅನ್ನಿಸಿತು ಅಂತ ಕೇಳಿ. ಹತ್ತಕ್ಕೆ ಎಂಟು ಸಲ, ನೀವು ಹೇಳಬೇಕು ಅಂದುಕೊಂಡಿದ್ದನ್ನು ಅವರೇ ಹೇಳುತ್ತಾರೆ.

ಅವರು ಹೇಳದಿದ್ದರೆ ಕಂಡದ್ದನ್ನು ಹೇಳಿ, ತೀರ್ಪು ಕೊಡಬೇಡಿ. 'ಮಕ್ಕಳು ಬೋರ್ ಆಗಿದ್ದರು' ಅನ್ನುವುದು ತೀರ್ಪು. '10:12ರಿಂದ 10:31ರವರೆಗೆ ನನ್ನ ಸಾಲಿನಲ್ಲಿ ಯಾರೂ ಪೆನ್ನು ಎತ್ತಲಿಲ್ಲ, ನೀವು ತೆಂಗಿನಕಾಯಿ ಉದಾಹರಣೆ ಕೊಟ್ಟಾಗ ಆರು ಜನ ಬರೆದುಕೊಂಡರು' ಅನ್ನುವುದು ಕಂಡದ್ದು. ಎರಡನೆಯದರ ಜೊತೆ ಜಗಳ ಆಡಲು ಆಗುವುದಿಲ್ಲ. ಯಾಕೆ ಹಾಗಾಯಿತು ಅಂತ ಯೋಚನೆ ಮಾಡಬೇಕಷ್ಟೇ.

ಕೊನೆಗೆ ಒಂದು ಬದಲಾವಣೆ. ಒಂದೇ. ನನಗೆ ಬಹಳ ಸಲ ಐದಾರು ಹೇಳಿಬಿಡೋಣ ಅನ್ನಿಸಿದೆ, ಹೇಳಿಯೂ ಬಿಟ್ಟಿದ್ದೇನೆ, ಅವರು ತಲೆಯಾಡಿಸಿ ಎದ್ದು ಹೋಗಿದ್ದಾರೆ, ಏನೂ ಆಗಿಲ್ಲ. ಒಂದು ಹೇಳಿ, ಅದನ್ನು ಅವರ ಬಾಯಲ್ಲೇ ಹೇಳಿಸಿ, ಹದಿನೈದು ದಿನ ಬಿಟ್ಟು ಮತ್ತೆ ಹೋಗಿ ಅದೊಂದನ್ನೇ ನೋಡಿ ಬನ್ನಿ. ಎರಡನೇ ಸಲ ಹೋಗುವುದನ್ನು ಮಾತ್ರ ತಪ್ಪಿಸಬೇಡಿ. ಮೊದಲ ಭೇಟಿ ಪರಿಚಯಕ್ಕೆ, ಕೆಲಸ ಆಗುವುದು ಎರಡನೆಯದರಲ್ಲಿ.

ಚೀಟಿ ಯಾರದ್ದು?

ಇದಕ್ಕೆ ಒಂದು ಕಥೆ ಹೇಳಲೇಬೇಕು. ನಾನು ಆಗ ಕೆಲಸ ಮಾಡುತ್ತಿದ್ದ ಒಂದು ಕಡೆ ಒಬ್ಬರ ಕ್ಲಾಸ್ ನೋಡಿ ಒಂದು ಪುಟ ಬರೆದಿದ್ದೆ. 'ಪ್ರಶ್ನೆ ಕೇಳಿ ತಾವೇ ಉತ್ತರ ಹೇಳುತ್ತಾರೆ', ಹೀಗೆ. ಸಹಾಯಕ್ಕೆ ಅಂತಲೇ ಬರೆದದ್ದು. ಫೈಲಿನಲ್ಲಿ ಇಟ್ಟೆ. ಸೆಮಿಸ್ಟರ್ ಮುಗಿದಾಗ ಅತಿಥಿ ಉಪನ್ಯಾಸಕರನ್ನು ಮುಂದುವರಿಸುವ ಮೀಟಿಂಗಿನಲ್ಲಿ ಆ ಪುಟ ಮೇಜಿನ ಮೇಲೆ ಬಂತು. ಅವರನ್ನು ಮುಂದುವರಿಸಲಿಲ್ಲ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಅವರು ಆಮೇಲೆ ನನಗೆ ಫೋನ್ ಮಾಡಿ ಬೈಯಲಿಲ್ಲ, 'ನೀವು ಬಂದು ಕೂತದ್ದು ಇದಕ್ಕಾ ಸರ್' ಅಂತ ಒಂದೇ ಮಾತು ಕೇಳಿದರು. ಅದಾದ ಎರಡು ವರ್ಷ ಅಲ್ಲಿ ಯಾರೂ ನನ್ನನ್ನು ಕ್ಲಾಸಿಗೆ ಬಿಟ್ಟುಕೊಳ್ಳಲಿಲ್ಲ. ಸರಿಯಾಗೇ ಮಾಡಿದರು.

ಅವತ್ತಿಂದ ನನ್ನ ನಿಯಮ ಇದು. ಬರೆದ ಹಾಳೆ ಮಾತು ಮುಗಿದ ತಕ್ಷಣ ಪಾಠ ಮಾಡಿದವರ ಕೈಗೆ ಹೋಗುತ್ತದೆ. ನಕಲು ಇಲ್ಲ, ಮೊಬೈಲಿನಲ್ಲಿ ಫೋಟೋ ಇಲ್ಲ. ಅವರು ಇಟ್ಟುಕೊಳ್ಳಲಿ, ಹರಿದು ಹಾಕಲಿ, ಅವರಿಷ್ಟ.

ಆದರೆ ನ್ಯಾಕ್‌ಗೆ ದಾಖಲೆ ಬೇಕಲ್ಲ, ಅಲ್ವಾ? ಎರಡನೇ ಮಾನದಂಡವೇ ಬೋಧನೆ, ಕಲಿಕೆ, ಮೌಲ್ಯಮಾಪನ. ಅದಕ್ಕೆ ಒಂದು ಸಣ್ಣ ರಿಜಿಸ್ಟರ್ ಸಾಕು. ದಿನಾಂಕ, ಯಾವ ಕ್ಲಾಸು, ಯಾರು ಯಾರ ಕ್ಲಾಸಿಗೆ ಹೋದರು, ಇಬ್ಬರ ಸಹಿ. ಒಳಗೆ ಏನು ಕಂಡಿತು ಅನ್ನುವ ಕಾಲಂ ಇರಲೇಬಾರದು. ಯಾರಾದರೂ ಆ ಕಾಲಂ ಸೇರಿಸೋಣ ಅಂದರೆ ಒಪ್ಪಬೇಡಿ. ಭೇಟಿ ಎಷ್ಟು ನಡೆದವು ಅನ್ನುವುದು ಕಾಲೇಜಿನ ಲೆಕ್ಕ, ಕಂಡದ್ದು ಆ ಇಬ್ಬರದ್ದು. ಎಚ್‌ಓಡಿಗಳು ಇಲ್ಲಿ ಇನ್ನೂ ಹುಷಾರಾಗಿರಬೇಕು, ಯಾಕೆಂದರೆ ನೀವೇ ನಾಳೆ ಅವರ ಸ್ವಯಂ ಮೌಲ್ಯಮಾಪನ ಫಾರಂಗೆ ಸಹಿ ಹಾಕುವವರು. ಆದಷ್ಟು ಬೇರೆ ವಿಭಾಗದವರನ್ನು ಜೋಡಿ ಮಾಡಿ. ಇತಿಹಾಸದವರು ಕೆಮಿಸ್ಟ್ರಿ ಕ್ಲಾಸಿನಲ್ಲಿ ಕೂತರೆ ವಿಷಯದಲ್ಲಿ ತಪ್ಪು ಹುಡುಕಲು ಆಗುವುದಿಲ್ಲ, ಪಾಠವನ್ನಷ್ಟೇ ನೋಡಬೇಕಾಗುತ್ತದೆ. ಅರ್ಥ ಆಗದಿದ್ದರೆ ಮಕ್ಕಳಿಗೂ ಆಗಿರುವುದಿಲ್ಲ, ಅದೂ ಒಂದು ಸುಳಿವು.

ಹಾಗಾದರೆ ಯಾವ ಬದಲಾವಣೆ ಹೇಳಿಕೊಡಬೇಕು

ಸುಲಭದ್ದು, ಮಾರನೇ ದಿನವೇ ಮಾಡಬಹುದಾದದ್ದು. ನಾನು ಜಾಸ್ತಿ ಹೇಳುವುದು ಮೂರು.

ಮೊದಲನೆಯದು ಕಾಯುವುದು. ಮೇರಿ ಬಡ್ ರೋ ಅಂತ ಅಮೆರಿಕದ ಸಂಶೋಧಕಿ, ಕ್ಲಾಸುಗಳ ರೆಕಾರ್ಡಿಂಗ್ ಕೇಳಿ ಕೇಳಿ ಒಂದು ವಿಷಯ ಕಂಡುಹಿಡಿದರು. ಮೇಷ್ಟ್ರುಗಳು ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಒಂದು ಸೆಕೆಂಡ್ ಹೊತ್ತು ಕಾಯುತ್ತಾರೆ, ಅಷ್ಟರಲ್ಲಿ ಉತ್ತರ ಬರದಿದ್ದರೆ ತಾವೇ ಹೇಳುತ್ತಾರೆ ಅಥವಾ ಇನ್ನೊಬ್ಬರನ್ನು ಕೇಳುತ್ತಾರೆ. ಅದನ್ನೇ ಮೂರು ಸೆಕೆಂಡಿಗೆ ಎಳೆದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದ ಮಕ್ಕಳೂ ಮಾತಾಡುತ್ತಾರೆ. ಮೂರು ಸೆಕೆಂಡ್ ಅಂದರೆ ಏನು ಮಹಾ ಅನ್ನಿಸುತ್ತದೆ. ನಿಂತು ನೋಡಿ, ಆ ಮೌನದಲ್ಲಿ ಬೆವರು ಬರುತ್ತದೆ. ನಾನು ಮನಸ್ಸಿನಲ್ಲೇ 'ದೇವರಾಯನದುರ್ಗ' ಅಂತ ನಿಧಾನವಾಗಿ ಮೂರು ಸಲ ಹೇಳಿಕೊಳ್ಳುತ್ತೇನೆ. ನಮ್ಮ ಅತಿಥಿ ಉಪನ್ಯಾಸಕರೊಬ್ಬರು ಪ್ರಶ್ನೆ ಕೇಳಿ ಬೋರ್ಡ್ ಒರೆಸಲು ತಿರುಗುತ್ತಾರೆ, ಒರೆಸಿ ಮುಗಿಸುವವರೆಗೆ ಮಾತಾಡುವುದಿಲ್ಲ. ಅದು ನನ್ನದಕ್ಕಿಂತ ಒಳ್ಳೆಯ ಉಪಾಯ.

ಎರಡನೆಯದು ಪ್ರಶ್ನೆಯನ್ನೇ ಬದಲಾಯಿಸುವುದು. 'ಅರ್ಥ ಆಯ್ತಾ' ಅನ್ನುವುದಕ್ಕೆ 'ಆಯ್ತು ಸರ್' ಬಿಟ್ಟು ಬೇರೆ ಉತ್ತರ ಇಲ್ಲ. ಹಾರ್ವರ್ಡಿನಲ್ಲಿ ಭೌತಶಾಸ್ತ್ರ ಹೇಳುವ ಎರಿಕ್ ಮಜೂರ್‌ಗೆ 1990ರ ದಶಕದ ಶುರುವಿನಲ್ಲಿ ಒಂದು ವಿಷಯ ಕಾಡಿತು, ಲೆಕ್ಕ ಬಿಡಿಸುವ ಮಕ್ಕಳಿಗೇ ಅದರ ಹಿಂದಿನ ಸರಳ ಕಲ್ಪನೆ ಗೊತ್ತಿರುತ್ತಿರಲಿಲ್ಲ. ಅವರು ಪಾಠದ ಮಧ್ಯೆ ಆಯ್ಕೆಗಳಿರುವ ಒಂದು ಪ್ರಶ್ನೆ ಇಟ್ಟು, ಎಲ್ಲರಿಂದ ಉತ್ತರ ತೆಗೆದುಕೊಂಡು, ಪಕ್ಕದವರ ಜೊತೆ ಚರ್ಚೆ ಮಾಡಿಸಿ, ಮತ್ತೆ ಉತ್ತರ ಕೇಳಲು ಶುರು ಮಾಡಿದರು. ಅದಕ್ಕೆ ಮಷೀನು, ಆ್ಯಪು ಏನೂ ಬೇಡ. ಎದೆಯ ಹತ್ತಿರ ಬೆರಳು ಹಿಡಿದು ತೋರಿಸಲಿ, ಒಂದನೇ ಉತ್ತರಕ್ಕೆ ಒಂದು ಬೆರಳು, ಎರಡನೆಯದಕ್ಕೆ ಎರಡು. ಎದೆಯ ಹತ್ತಿರ ಹಿಡಿದರೆ ಪಕ್ಕದವರಿಗೆ ಕಾಣುವುದಿಲ್ಲ, ಮೇಷ್ಟ್ರಿಗೆ ಕಾಣುತ್ತದೆ.

ಕೋಲಾರದಲ್ಲಿ ಪಾಠ ಮಾಡುವ ನನ್ನ ಗೆಳೆಯರೊಬ್ಬರು ಕೊಟ್ಟ ಪ್ರಶ್ನೆ ನೋಡಿ. ಟೊಮೆಟೊ ಬೆಲೆ ನೆಲಕಚ್ಚಿದಾಗ ರೈತ ಹಣ್ಣು ಕೀಳದೆ ಹೊಲದಲ್ಲೇ ಬಿಡುತ್ತಾನೆ, ಯಾಕೆ? ಒಂದು, ಸರ್ಕಾರದ ಮೇಲಿನ ಕೋಪಕ್ಕೆ. ಎರಡು, ಕೀಳುವ ಕೂಲಿ, ಮಂಡಿಗೆ ಸಾಗಿಸುವ ಬಾಡಿಗೆ, ಕಮಿಷನ್ ಇಷ್ಟೂ 15 ಕೆಜಿ ಬಾಕ್ಸಿನ ಬೆಲೆಯಲ್ಲಿ ಹುಟ್ಟುವುದಿಲ್ಲ. ಮೂರು, ಸಸಿ, ಗೊಬ್ಬರ, ಔಷಧಿಗೆ ಹಾಕಿದ ಬಂಡವಾಳ ವಾಪಸ್ ಬರುವುದಿಲ್ಲ. ಬಹಳ ಮಕ್ಕಳು ಮೂರು ಬೆರಳು ಎತ್ತುತ್ತಾರೆ. ರೈತರ ಮಕ್ಕಳೇ! ಆದರೆ ಹಾಕಿದ ಬಂಡವಾಳ ಕಿತ್ತರೂ ಹೋಗಿದೆ, ಕೀಳದಿದ್ದರೂ ಹೋಗಿದೆ. ಇವತ್ತು ಕೀಳಬೇಕಾ ಬೇಡವಾ ಅನ್ನುವ ಲೆಕ್ಕದಲ್ಲಿ ಅದು ಬರುವುದೇ ಇಲ್ಲ. ಉತ್ತರ ಎರಡು. ಇದನ್ನು ಮೇಷ್ಟ್ರು ಹೇಳಬಾರದು, ಎರಡು ನಿಮಿಷ ಪಕ್ಕದವರ ಜೊತೆ ಜಗಳವಾಡಲು ಬಿಡಬೇಕು. ನಾನು ಇದನ್ನು ತುಮಕೂರಿನಲ್ಲಿ ಮಾಡಿದ ದಿನ ಮಾಲೂರು ಕಡೆ ನೆಂಟರಿದ್ದ ಒಬ್ಬ ಹುಡುಗ, ವರ್ಷವಿಡೀ ಬಾಯಿ ಬಿಡದವನು, ಎದ್ದು ನಿಂತು ಬಾಡಿಗೆ ಕೂಲಿ ಲೆಕ್ಕ ಎಲ್ಲ ಹೇಳಿಬಿಟ್ಟ. ಬದಲಾಗುವ ವೆಚ್ಚ, ಬದಲಾಗದ ವೆಚ್ಚ ಅಂತ ನಾನು ಹೆಸರಿಟ್ಟೆ ಅಷ್ಟೇ.

ಇಂಥ ಒಂದು ಪ್ರಶ್ನೆ ಕಟ್ಟುವುದು ಕಷ್ಟ. ತಪ್ಪು ಉತ್ತರ ಕೂಡ ನಂಬುವ ಹಾಗಿರಬೇಕು. ಆದ್ದರಿಂದ ಇಬ್ಬರು ಕೂತು ಮಾಡಿ. ಹಳೇ ಇಂಟರ್ನಲ್ಸ್ ಪೇಪರುಗಳನ್ನು ತೆಗೆದು ಮಕ್ಕಳು ಎಲ್ಲಿ ಒಂದೇ ತರಹದ ತಪ್ಪು ಮಾಡಿದ್ದಾರೆ ನೋಡಿ, ಆ ತಪ್ಪುಗಳೇ ನಿಮ್ಮ ಆಯ್ಕೆಗಳು. ಒಬ್ಬ ಮೇಷ್ಟ್ರು ಒಂದು ಸೆಮಿಸ್ಟರಿಗೆ ಒಂದು ಪೇಪರಿಗೆ ಎಂಟು ಹತ್ತು ಪ್ರಶ್ನೆ ಕಟ್ಟಿಕೊಂಡರೆ ಬೇಕಾದಷ್ಟಾಯಿತು.

ಮೂರನೆಯದು ಭಾಷೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಬಿ.ಎಸ್ಸಿ, ಬಿ.ಕಾಂಗೆ ಬಂದು ಇಂಗ್ಲಿಷಿನಲ್ಲಿ ಬರೆಯಬೇಕು. ಹಾಸ್ಟೆಲ್ಲಿನಲ್ಲಿರುವ ಪಾವಗಡದ ಹುಡುಗನ ಮನೆಮಾತು ತೆಲುಗು, ಓದಿದ್ದು ಕನ್ನಡ, ಪರೀಕ್ಷೆ ಇಂಗ್ಲಿಷು. ಅವನು ಸುಮ್ಮನಿದ್ದರೆ ದಡ್ಡ ಅಂತಲ್ಲ. ವಿವರಣೆ ಕನ್ನಡದಲ್ಲಿ ಇರಲಿ, ಪದ ಮತ್ತು ವ್ಯಾಖ್ಯೆ ಇಂಗ್ಲಿಷಿನಲ್ಲಿ ಬೋರ್ಡಿನ ಒಂದು ಮೂಲೆಯಲ್ಲಿ ಗಂಟೆಯಿಡೀ ಅಳಿಸದೆ ಇರಲಿ, ಪಕ್ಕದವರ ಜೊತೆ ಯಾವ ಭಾಷೆಯಲ್ಲಾದರೂ ಚರ್ಚೆ ಮಾಡಲಿ, ಕೊನೆಗೆ ಎರಡು ಸಾಲು ಇಂಗ್ಲಿಷಿನಲ್ಲಿ ಬರೆಯಲಿ. ಕನ್ನಡ ಬಳಸಿದರೆ ಮಟ್ಟ ಇಳಿಯುತ್ತದೆ ಅನ್ನುವ ಹಿರಿಯರು ಇದ್ದಾರೆ. ವಾದ ಮಾಡಬೇಡಿ, ಆ ಎರಡು ಸಾಲುಗಳನ್ನು ತೋರಿಸಿ.

ಮಕ್ಕಳನ್ನು ಕೇಳುವುದು

ಸೆಮಿಸ್ಟರ್ ಕೊನೆಯ ಫೀಡ್‌ಬ್ಯಾಕ್ ಫಾರಂನಿಂದ ಮೇಷ್ಟ್ರಿಗೆ ಉಪಯೋಗ ಕಡಿಮೆ. ಅಷ್ಟು ಹೊತ್ತಿಗೆ ಆ ಮಕ್ಕಳು ಹೋಗಿರುತ್ತಾರೆ. ಆರನೇ ವಾರದಲ್ಲಿ ಒಂದು ಸಣ್ಣ ಚೀಟಿ ಸಾಕು. ಹೆಸರು ಬೇಡ, ಎರಡೇ ಪ್ರಶ್ನೆ: ಈ ಕ್ಲಾಸಿನಲ್ಲಿ ನಿಮಗೆ ಕಲಿಯಲು ಯಾವುದರಿಂದ ಸಹಾಯ ಆಗುತ್ತಿದೆ, ಯಾವುದು ಅಡ್ಡ ಬರುತ್ತಿದೆ. ಕನ್ನಡವೋ ಇಂಗ್ಲಿಷೋ ಅವರಿಷ್ಟ. ಪಾಠ ಮಾಡುವವರು ಹತ್ತು ನಿಮಿಷ ಹೊರಗಿರಲಿ, ನೀವು ಒಳಗಿದ್ದು ಚೀಟಿ ತೆಗೆದುಕೊಳ್ಳಿ. ಅಕ್ಷರ ಗುರುತು ಸಿಗುತ್ತದೆ, ಆದ್ದರಿಂದ ಚೀಟಿಗಳನ್ನು ಮೇಷ್ಟ್ರ ಕೈಗೆ ಕೊಡಬೇಡಿ. ಒಂದು ಪುಟದಲ್ಲಿ ಸಾರಾಂಶ ಬರೆದು ಕೊಡಿ, ಚೀಟಿ ಹರಿದು ಹಾಕಿ. ಒಂದೆರಡು ಚೀಟಿಯಲ್ಲಿ ಕೆಟ್ಟ ಮಾತು ಇದ್ದೇ ಇರುತ್ತದೆ, ಅಂಥದ್ದನ್ನು ನಿಮ್ಮ ಹೊಟ್ಟೆಯಲ್ಲೇ ಇಟ್ಟುಕೊಳ್ಳಿ.

ಮುಂದಿನ ಕ್ಲಾಸಿನಲ್ಲಿ ಮೇಷ್ಟ್ರು ಮಕ್ಕಳಿಗೆ ಹೇಳಬೇಕು, ನೀವು ಹೀಗೆ ಬರೆದಿದ್ದಿರಿ, ಇದನ್ನು ಬದಲಾಯಿಸುತ್ತೇನೆ, ಇದನ್ನು ಬದಲಾಯಿಸಲು ಆಗುವುದಿಲ್ಲ, ಕಾರಣ ಇದು. ಈ ಮಾತು ಆಡದಿದ್ದರೆ ಮುಂದಿನ ಸಲ ಎಲ್ಲ ಚೀಟಿಯಲ್ಲೂ 'ಗುಡ್' ಅಂತ ಬರುತ್ತದೆ.

ಇನ್ನೊಂದು ವಿಷಯ ಮೊದಲೇ ಹೇಳಿಡಿ. ನೋಟ್ಸ್ ಕೊಡುವುದು ಬಿಟ್ಟು ಪ್ರಶ್ನೆ, ಚರ್ಚೆ ಅಂತ ಶುರು ಮಾಡಿದಾಗ ಮಕ್ಕಳು ಗೊಣಗುತ್ತಾರೆ. 'ಸರ್ ಏನೂ ಹೇಳಿಕೊಡಲ್ಲ, ನಮ್ಮನ್ನೇ ಕೇಳ್ತಾರೆ.' 2019ರಲ್ಲಿ ಹಾರ್ವರ್ಡಿನಿಂದ ಒಂದು ಅಧ್ಯಯನ ಬಂತು. ಭೌತಶಾಸ್ತ್ರದ ಮಕ್ಕಳಲ್ಲಿ ತಾವೇ ಕೈಹಾಕಿ ಕೆಲಸ ಮಾಡಿದವರು ಪರೀಕ್ಷೆಯಲ್ಲಿ ಜಾಸ್ತಿ ಕಲಿತಿದ್ದರು, ಆದರೆ ಅವರಿಗೇ ತಾವು ಕಮ್ಮಿ ಕಲಿತೆವು ಅನ್ನಿಸಿತ್ತು. ಸಲೀಸಾದ ಉಪನ್ಯಾಸ ಕೇಳಿದರೆ ಎಲ್ಲ ತಿಳಿಯಿತು ಅನ್ನಿಸುವುದು ಸಹಜ. ಈ ವಿಷಯ ಗೊತ್ತಿಲ್ಲದ ಹೊಸ ಮೇಷ್ಟ್ರು ಮೊದಲ ಗೊಣಗಾಟಕ್ಕೇ ಹೆದರಿ ಡಿಕ್ಟೇಷನ್‌ಗೆ ವಾಪಸ್ ಹೋಗುತ್ತಾರೆ. ಆ ಎರಡು ಮೂರು ವಾರ ಅವರ ಜೊತೆ ನಿಲ್ಲುವುದೇ ನಿಮ್ಮ ಕೆಲಸ. ಪ್ರಿನ್ಸಿಪಾಲ್ ಕಿವಿಗೂ ಮೊದಲೇ ಹಾಕಿಡಿ, ದೂರು ಬಂದರೆ ಅವರು ಗಾಬರಿ ಬೀಳಬಾರದು.

ಸೈನ್ಸ್ ವಿಭಾಗದವರು 'ಇದಕ್ಕೆಲ್ಲ ಪುರಾವೆ ಏನ್ರೀ' ಅನ್ನುತ್ತಾರೆ. ಒಳ್ಳೆಯ ಪ್ರಶ್ನೆಯೇ. ಸ್ಕಾಟ್ ಫ್ರೀಮನ್ ಮತ್ತು ಜೊತೆಗಾರರು 2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಉಪನ್ಯಾಸ ನಡೆದ ಕ್ಲಾಸುಗಳಲ್ಲಿ ಫೇಲಾಗುವ ಸಾಧ್ಯತೆ ಒಂದೂವರೆ ಪಟ್ಟು ಇತ್ತು. ಇಷ್ಟು ಹೇಳಿ ಸುಮ್ಮನಾಗಿ.

ಹೊಸಬರು, ಹಿರಿಯರು, ಅತಿಥಿಗಳು

ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ಮೈಕ್ರೋ ಟೀಚಿಂಗ್ ಮಾಡಿಸಿ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಹುಟ್ಟಿದ್ದು, ಬಿ.ಎಡ್ ಮಾಡಿದವರಿಗೆ ಹಳೇ ಕಥೆ, ನಮಗೆ ಮಾತ್ರ ಹೊಸದು. ಏಳು ನಿಮಿಷದ ಪಾಠ, ಎದುರಿಗೆ ಮಕ್ಕಳಾಗಿ ನಾಲ್ಕು ಜನ ಸಹೋದ್ಯೋಗಿಗಳು, ಒಂದೇ ಕೌಶಲ. ಹೇಳಿದ್ದನ್ನು ತಿದ್ದಿಕೊಂಡು ಅದೇ ಏಳು ನಿಮಿಷ ಮತ್ತೆ ಮಾಡಬೇಕು. ನಗು ಬರುತ್ತದೆ, ಬರಲಿ.

ಹಿರಿಯರ ಹತ್ತಿರ 'ನಿಮಗೆ ಕಲಿಸುತ್ತೇವೆ' ಅಂತ ಹೋದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೇಳಲು ಹೋಗಿ. ನಮ್ಮಲ್ಲಿ ಗಣಿತದ ಒಬ್ಬ ಸರ್ ಇದ್ದರು, ಬೋರ್ಡನ್ನು ಮೂರು ಭಾಗ ಮಾಡಿ ಬರೆಯುತ್ತಿದ್ದರು. ಗಂಟೆಯ ಕೊನೆಗೆ ನೋಡಿದರೆ ಇಡೀ ಪಾಠ ಅಲ್ಲೇ ನಿಂತಿರುತ್ತಿತ್ತು. ಅವರ ಕ್ಲಾಸಿಗೆ ಹೊಸಬರನ್ನೆಲ್ಲ ಕಳಿಸಿದೆ. ಎರಡು ತಿಂಗಳಾದ ಮೇಲೆ ಅವರೇ ಬಂದು 'ಆ ಬೆರಳು ಎತ್ತಿಸೋದು ಹೆಂಗ್ರೀ ಅದು' ಅಂತ ಕೇಳಿದರು.

ಅತಿಥಿ ಉಪನ್ಯಾಸಕರ ವಿಷಯ ಬೇರೆ. ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅವರ ಹೆಗಲ ಮೇಲಿದೆ. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರಿಗೆ ಶನಿವಾರ ಬನ್ನಿ, ಸಂಜೆ ಉಳಿಯಿರಿ ಅಂತ ಹೇಳಲು ನಾಚಿಕೆಯಾಗಬೇಕು. ಅವರ ವರ್ಕ್‌ಲೋಡಿನ ಒಳಗೇ, ಅವರು ಕಾಲೇಜಿನಲ್ಲಿರುವ ಹೊತ್ತಿನಲ್ಲೇ ಎಲ್ಲವೂ ನಡೆಯಬೇಕು. ಹಾಳೆ ಅವರ ಕೈಗೇ ಹೋಗುತ್ತದೆ ಅನ್ನುವ ಮಾತನ್ನು ಅವರಿಗೆ ಎರಡು ಸಲ ಹೇಳಿ.

ಯಾವಾಗ ಶುರು ಮಾಡಬೇಕು

ಪ್ರಿನ್ಸಿಪಾಲ್ ಹತ್ತಿರ ಕೇಳಬೇಕಾದದ್ದು ಒಂದೇ. ಟೈಮ್ ಟೇಬಲ್ ಹಾಕುವಾಗಲೇ ಜೋಡಿಯಾದ ಇಬ್ಬರಿಗೆ ವಾರದಲ್ಲಿ ಒಂದು ಪೀರಿಯಡ್ ಒಟ್ಟಿಗೆ ಬಿಡುವು, ಒಬ್ಬರ ಕ್ಲಾಸಿನ ಹೊತ್ತಿನಲ್ಲಿ ಇನ್ನೊಬ್ಬರಿಗೆ ಬಿಡುವು. ಟೈಮ್ ಟೇಬಲ್ ಆದ ಮೇಲೆ ಕೇಳಿದರೆ 'ನೋಡೋಣ' ಅನ್ನುತ್ತಾರೆ, ನೋಡೋಣ ಅಂದರೆ ಏನು ಅಂತ ನಿಮಗೇ ಗೊತ್ತು.

2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಸಿಲಬಸ್ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ, ಹೊಸ ಸಿಲಬಸ್. ಪ್ರತಿ ಸಲವೂ ಮೇಷ್ಟ್ರುಗಳು ನೋಟ್ಸ್ ಮಾಡುವುದರಲ್ಲೇ ಸುಸ್ತು. ಪೋರ್ಷನ್ ಮುಗಿಯುವುದಿಲ್ಲ ಅನ್ನುವ ಭಯ ನಿಜವಾದದ್ದು, ಅದನ್ನು ತಳ್ಳಿಹಾಕಬೇಡಿ. ಒಬ್ಬರು ವಾರದಲ್ಲಿ ಒಂದು ಕ್ಲಾಸು ಮಾತ್ರ ಬದಲಾಯಿಸಲಿ, ಉಳಿದದ್ದು ಹೇಗಿದೆಯೋ ಹಾಗೇ ನಡೆಯಲಿ.

ಸೆಮಿಸ್ಟರಿನ ಮೊದಲ ಎರಡು ವಾರ ಅಡ್ಮಿಷನ್, ಸೆಕ್ಷನ್ ಬದಲಾವಣೆ ಗಲಾಟೆ, ಬಿಟ್ಟುಬಿಡಿ. ಮೂರನೇ ವಾರ ನಿಮ್ಮ ಕ್ಲಾಸಿಗೆ ಒಬ್ಬರನ್ನು ಕರೆಯಿರಿ. ನಾಲ್ಕು, ಐದನೇ ವಾರ ನೀವು ಅವರ ಕ್ಲಾಸಿಗೆ. ಆರನೇ ವಾರ ಚೀಟಿ. ಇಂಟರ್ನಲ್ಸ್ ವಾರ, ಕಾಲೇಜ್ ಡೇ ವಾರ ಯಾರ ತಂಟೆಗೂ ಹೋಗಬೇಡಿ. ಅದು ಮುಗಿದ ಮೇಲೆ ಎರಡನೇ ಭೇಟಿ. ಮೊದಲ ಸೆಮಿಸ್ಟರಿನಲ್ಲಿ ಎರಡು ಜೋಡಿ ಸಿಕ್ಕರೆ ಸಾಕು, ನನಗೆ ಸಿಕ್ಕಿದ್ದೂ ಅಷ್ಟೇ. ರಿಜಿಸ್ಟರಿಗೆ ನೂರು ಪುಟದ ಪುಸ್ತಕ ತರಬೇಡಿ, ನಲವತ್ತು ಪುಟದ್ದು ತನ್ನಿ.